ಒಂದು ಸೊನ್ನೆ ಹೆಚ್ಚು

ಆಫೀಸಿನಲ್ಲಿ ಅವಳಿಗೆ ಕಾಯಿದೆ ಅಕ್ಕ ಎಂಬ ಹೆಸರು ಬಿದ್ದದ್ದು ಒಂದು ಚಹಾ ಲೋಟದಿಂದ. ರೂಟರ್‌ಗಳನ್ನು ಇಟ್ಟಿರುವ ತಣ್ಣನೆಯ ಕೋಣೆಗೆ ಯಾರೋ ಮಹಾನುಭಾವರು ಚಹಾ ಒಯ್ದು, ಯಂತ್ರದ ತಲೆಯ ಮೇಲೆ ಲೋಟ ಇಟ್ಟು, ಮರೆತು ಬಂದಿದ್ದರು. ಮರುದಿನ ಬಾಗಿಲಿಗೆ ಚೀಟಿ ಅಂಟಿತ್ತು: ‘ಒಳಗೆ ಚಹಾ ಇಲ್ಲ. ನೀರೂ ಇಲ್ಲ. ನೆಗಡಿ ಇದ್ದವರೂ ಇಲ್ಲ.’ ಕೊನೆಯದು ಯಾಕೆ ಎಂದು ಕೇಳುವ ಧೈರ್ಯ ಯಜಮಾನರಿಗೂ ಬರಲಿಲ್ಲ. ಅಂದಿನಿಂದ ಅವಳು ಎಲ್ಲರ ಬಾಯಲ್ಲೂ ಕಾಯಿದೆ ಅಕ್ಕ. ಅವಳಿಗೆ ಅದು ಗೊತ್ತು. ಬೇಸರವೇನೂ ಇಲ್ಲ, ಒಳಗೊಳಗೇ ಸ್ವಲ್ಪ ಖುಷಿಯೇ.

ಕಂಪನಿ ಸಣ್ಣದು. ಊರಿನ ಅರ್ಧ ಮನೆಗಳಿಗೆ ಇಂಟರ್ನೆಟ್ ಕೊಡುವುದು ಅದರ ಕೆಲಸ, ಒಂದು ಬೇಕರಿಯ ಮೇಲಿನ ಮಹಡಿ ಅದರ ವಾಸ. ಕೆಳಗೆ ಒಲೆ ಉರಿದಷ್ಟೂ ಮೇಲೆ ನೆಲ ಬೆಚ್ಚಗಾಗುತ್ತದೆ. ಹಾಗಾಗಿ ರೂಟರ್ ಕೋಣೆಯ ಏಸಿ ಹಗಲೂ ರಾತ್ರಿ ಮುಲುಗುತ್ತಲೇ ಇರುತ್ತದೆ. ಕೋಣೆಯ ಒಳಗೆ ಸ್ವೆಟರ್ ಬೇಕು, ಹೊರಗೆ ಬಂದರೆ ಬಿಸಿ ಬ್ರೆಡ್ಡಿನ ವಾಸನೆಗೆ ಹೊಟ್ಟೆ ಚುರ್ ಅನ್ನುತ್ತದೆ. ಬಿಲ್ಲು ಬರೆಯುವ ಕೆಲಸಕ್ಕೆಂದು ಸೇರಿದ ಕಾಯಿದೆ ಅಕ್ಕ, ಪಕ್ಕದ ಕುರ್ಚಿಯವರ ಹೆಗಲ ಮೇಲಿನಿಂದ ನೋಡಿ ನೋಡಿಯೇ ರೂಟರ್‌ಗಳ ಭಾಷೆ ಕಲಿತು, ಪರೀಕ್ಷೆಗಳನ್ನೂ ಕಟ್ಟಿ ಪಾಸಾಗಿ, ಈಗ ಅಲ್ಲಿನ ಎಲ್ಲ ದಾರಿಗಳ ಒಡತಿ.

ದಾರಿ ಎಂದರೆ ಏನು ಎಂದು ಮನೆಯವರು ಕೇಳಿದರೆ ಅವಳು ಬೇಸರಪಡದೆ ಹೇಳುತ್ತಾಳೆ. ಇಂಟರ್ನೆಟ್ ಆಕಾಶದಲ್ಲಿ ತೇಲುವ ವಸ್ತುವಲ್ಲ, ಅದೊಂದು ದೊಡ್ಡ ಕೇರಿ. ಕಂಪನಿ, ಬ್ಯಾಂಕು, ಕಾಲೇಜು, ಒಬ್ಬೊಬ್ಬರ ಜಾಲವೂ ಒಂದೊಂದು ಮನೆ. ಪ್ರತಿ ಮನೆಯ ಬಾಗಿಲಲ್ಲಿ ಒಂದು ರೂಟರ್, ಅದಕ್ಕೆ ಅಕ್ಕಪಕ್ಕದಲ್ಲಿ ನೆರೆಯ ರೂಟರ್‌ಗಳು. ‘ಇಂಥಿಂಥ ವಿಳಾಸಕ್ಕೆ ಹೋಗಬೇಕಾ? ನನ್ನ ಕಡೆಯಿಂದ ಹೋಗಿ’ ಎಂದು ಈ ನೆರೆಯವರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಲೇ ಇರಬೇಕು. ಆ ಮಾತು ನಿಂತರೆ ದಾರಿಯೂ ನಿಂತಿತು. ಅದರಲ್ಲೂ ಯಾವ ನೆರೆಯವರಿಗೆ ಎಷ್ಟು ಹೇಳಬೇಕು, ಯಾರು ಹೇಳಿದ್ದನ್ನು ನಂಬಬೇಕು, ಒಬ್ಬರ ಬಾಯಿಂದ ಹೆಚ್ಚೆಂದರೆ ಎಷ್ಟು ವಿಳಾಸ ಕೇಳಿಸಿಕೊಳ್ಳಬೇಕು ಎಂಬುದಕ್ಕೆಲ್ಲ ಕಟ್ಟಳೆ ಉಂಟು. ಕೊನೆಯದಂತೂ ಬಹಳ ಮುಖ್ಯ. ಯಾವನೋ ನೆರೆಯವನು ಕೈತಪ್ಪಿನಿಂದ ಲೋಕದ ವಿಳಾಸವನ್ನೆಲ್ಲ ತಂದು ನಮ್ಮ ಅಂಗಳಕ್ಕೆ ಸುರಿದರೆ ನಮ್ಮ ರೂಟರ್ ಉಸಿರು ಕಟ್ಟಿ ಬೀಳುತ್ತದೆ. ಅದಕ್ಕೇ ಮಿತಿ. ಮಿತಿ ಮೀರಿದವನ ಮುಖಕ್ಕೆ ನಮ್ಮ ರೂಟರ್ ಪಟಾರನೆ ಬಾಗಿಲು ಹಾಕುತ್ತದೆ, ನಾವಾಗಿ ತೆರೆಯುವವರೆಗೆ ತೆರೆಯುವುದಿಲ್ಲ.

ಅವಳಿಗಿಂತ ಮುಂಚೆ ಈ ಕೆಲಸ ನೋಡುತ್ತಿದ್ದವರನ್ನು ಆಫೀಸಿನವರು ಹಳೇ ಸಾಹೇಬರು ಎನ್ನುತ್ತಾರೆ. ಅವರು ಒಬ್ಬೊಬ್ಬ ನೆರೆಯವರಿಗೂ ಅದೇ ಕಟ್ಟಳೆಗಳನ್ನು ಬೇರೆ ಬೇರೆಯಾಗಿ ಬರೆದು ಹೋಗಿದ್ದರು. ಒಂದು ಸಾಲು ಬದಲಾಯಿಸಬೇಕೆಂದರೆ ಎಲ್ಲ ನೆರೆಯವರ ಹೆಸರಿನಡಿಯೂ ಅದೇ ಸಾಲನ್ನು ಹುಡುಕಿ ತಿದ್ದಬೇಕು. ಒಂದು ಮರೆತರೆ ಗ್ರಹಚಾರ. ಇದನ್ನು ಕಂಡಾಗಲೆಲ್ಲ ಕಾಯಿದೆ ಅಕ್ಕನ ಕೈ ತುರಿಸುತ್ತಿತ್ತು. ಇದಕ್ಕೊಂದು ಅಚ್ಚುಕಟ್ಟಾದ ಉಪಾಯವಿದೆ: ಒಂದೇ ಬಗೆಯ ನೆರೆಯವರನ್ನು ಒಂದು ಗುಂಪು ಮಾಡುವುದು, ಕಟ್ಟಳೆಯನ್ನು ಗುಂಪಿಗೆ ಒಮ್ಮೆ ಬರೆಯುವುದು, ಆಮೇಲೆ ಪ್ರತಿ ನೆರೆಯವರ ಹೆಸರಿನ ಮುಂದೆ ‘ಇವರು ಈ ಗುಂಪಿನವರು’ ಎಂದು ಬರೆದು ಕೈ ತೊಳೆದುಕೊಳ್ಳುವುದು. ಯಜಮಾನರ ಹಿಂದೆ ಬಿದ್ದು, ಅವರ ತಲೆ ತಿಂದು, ಕೊನೆಗೂ ಅವಳು ಒಪ್ಪಿಗೆ ಗಿಟ್ಟಿಸಿದ್ದಳು.

ಗುಂಪು ಮಾಡುವುದರಲ್ಲಿ ಅವಳದು ಎತ್ತಿದ ಕೈ. ಮನೆಯಲ್ಲೂ ಹಾಗೇ.

ಒಂದು ವರ್ಷದ ಹಿಂದೆ ಮಾವನವರು ಮೆಟ್ಟಿಲ ಮೇಲೆ ಜಾರಿ ಮಂಡಿ ಪೆಟ್ಟು ಮಾಡಿಕೊಂಡರು. ಅದೇ ಸಂಜೆ ಮನೆಯಲ್ಲಿ ‘ಹಿರಿಯರು’ ಎಂಬ ಗುಂಪು ಹುಟ್ಟಿತು. ಹಿರಿಯರು ಮಹಡಿ ಹತ್ತಬಾರದು. ಸ್ಟೂಲ್ ಹತ್ತಬಾರದು. ತುಂಬಿದ ಬಕೆಟ್ ಎತ್ತಬಾರದು. ಕತ್ತಲಾದ ಮೇಲೆ ಒಬ್ಬರೇ ಹೊರಗೆ ಹೋಗಬಾರದು. ಮಾವನವರಿಗೆ ಇದು ಹಾಲು ಅನ್ನ ಉಂಡಷ್ಟು ಸುಖ. ಮೊದಲೇ ಅವರು ಕುರ್ಚಿಪ್ರಿಯರು, ಈಗ ಅದಕ್ಕೊಂದು ಅಧಿಕೃತ ಮುದ್ರೆಯೂ ಬಿದ್ದಂತಾಯಿತು. ಸಂಕಟ ಬಂದದ್ದು ಅತ್ತೆಗೆ. ಎಪ್ಪತ್ತು ದಾಟಿದ ಅತ್ತೆ ಜೀವಮಾನವಿಡೀ ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿದವರು. ಈಗಲೂ ಸೂಜಿಗೆ ದಾರ ಪೋಣಿಸಲು ಕನ್ನಡಕ ಹುಡುಕುವವರಲ್ಲ. ಅವರ ಮಂಡಿಗೆ ಏನೂ ಆಗಿರಲಿಲ್ಲ. ಆದರೂ ವಯಸ್ಸಿನ ಲೆಕ್ಕದಲ್ಲಿ ಅವರೂ ಗುಂಪಿಗೆ ಸೇರಿದರು.

‘ಬಿದ್ದೋರು ಅವ್ರು, ಜೈಲು ನಂಗಾ?’ ಎಂದು ಅತ್ತೆ ಆಗಲೇ ಕೇಳಿದ್ದರು.

‘ಅತ್ತೆ, ಒಬ್ರಿಗೊಂದು ಇನ್ನೊಬ್ರಿಗೊಂದು ಅಂತ ಮಾಡಿದ್ರೆ ಮನೆ ನಡೆಯಲ್ಲ. ಎಲ್ಲಾರ್ಗೂ ಒಂದೇ,’ ಎಂದಿದ್ದಳು ಸೊಸೆ. ಅದರಲ್ಲಿ ಪ್ರೀತಿ ಇರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ತನ್ನ ಪರೀಕ್ಷೆಗಳಿಗಾಗಿ ಅಡುಗೆಮನೆಯನ್ನು ಇಡಿಯಾಗಿ ವಹಿಸಿಕೊಂಡ ಅತ್ತೆ ಇವರು. ಇವರಿಗೆ ಏನಾದರೂ ಆದರೆ ಎಂದು ನೆನೆದರೇ ಅವಳ ಎದೆ ಧಸಕ್ಕೆನ್ನುತ್ತಿತ್ತು.

ಹೀಗಿರುವಾಗ ಒಂದು ದಿನ ಬಟಾಣಿ ಸುಲಿಯುತ್ತಾ ಕೂತಿದ್ದ ಅತ್ತೆ, ಹವಾಮಾನದ ಮಾತು ತೆಗೆದಂತೆ ಮಾತು ತೆಗೆದರು. ವಿಶ್ವವಿದ್ಯಾಲಯದ ಈಜುಕೊಳದಲ್ಲಿ ರಜೆಯ ತಿಂಗಳು ಅರವತ್ತು ದಾಟಿದ ಹೆಂಗಸರಿಗೆಂದೇ ಒಂದು ತರಗತಿ ಇದೆಯಂತೆ. ತಾನು ಸೇರಬೇಕು.

ಕಾಯಿದೆ ಅಕ್ಕನ ಕೈಯಲ್ಲಿದ್ದ ಬಟಾಣಿ ಜಾರಿ ನೆಲಕ್ಕೆ ಬಿತ್ತು. ‘ಈಜಾ? ಈ ವಯಸ್ಸಲ್ಲಾ?’

‘ನಾನೇನು ನೀರು ಕಾಣದೋಳಾ?’

‘ಸ್ನಾನದ ಬಕೆಟ್ ಬೇರೆ, ಕೊಳ ಬೇರೆ ಅತ್ತೆ. ಬೇಡ. ಬಕೆಟ್ಟೇ ಎತ್ತಬಾರ್ದು ಅಂತ ಇರೋವಾಗ ಕೊಳಕ್ಕೆ ಹಾರ್ತೀನಿ ಅಂದ್ರೆ ಹೇಗೆ?’

ಅತ್ತೆ ಮುಂದೆ ಮಾತಾಡಲಿಲ್ಲ. ಮಾತಾಡದಿದ್ದದ್ದೇ ಅನುಮಾನಕ್ಕೆ ಎಡೆ ಮಾಡಬೇಕಿತ್ತು, ಏಕೆಂದರೆ ಅತ್ತೆ ಸುಮ್ಮನೆ ಸೋಲುವ ಪೈಕಿ ಅಲ್ಲ. ಆ ವಾರವೆಲ್ಲ ಅವರ ಕೋಣೆಯ ಬಾಗಿಲು ಮುಚ್ಚಿಕೊಂಡು ಹೊಲಿಗೆ ಯಂತ್ರ ಟಕಟಕ ಅನ್ನುತ್ತಿತ್ತು. ‘ಏನ್ ಹೊಲೀತಿದ್ದೀರಿ?’ ಎಂದರೆ ‘ದಿಂಬಿನ ಕವರು’ ಎಂಬ ಉತ್ತರ. ಮನೆಯಲ್ಲಿ ಇರುವುದು ಐದು ದಿಂಬು. ಕಾಲೇಜಿಗೆ ಹೋಗುವ ಮಗಳು ಅಜ್ಜಿಯ ಕೋಣೆಯಿಂದ ಹೊರಬರುವಾಗಲೆಲ್ಲ ನಗು ತಡೆಯಲು ಕೆನ್ನೆ ಕಚ್ಚಿಕೊಳ್ಳುತ್ತಿದ್ದಳು. ಗುಂಪುಗಳ ಗುಂಗಿನಲ್ಲಿದ್ದ ಕಾಯಿದೆ ಅಕ್ಕನಿಗೆ ಇದಾವುದೂ ಕಣ್ಣಿಗೆ ಬೀಳಲಿಲ್ಲ.

ಇಂಥ ಕೆಲಸವನ್ನು ಲೋಕದಲ್ಲೆಲ್ಲ ನಡುರಾತ್ರಿ ಮಾಡುತ್ತಾರೆ. ಕಾಯಿದೆ ಅಕ್ಕ ಮಾತ್ರ ಅದನ್ನು ಒಪ್ಪಳು. ನಿದ್ದೆಗಣ್ಣಿನ ಬೆರಳು ನಂಬಿಕೆಗೆ ಯೋಗ್ಯವಲ್ಲ ಎಂಬುದು ಅವಳ ಇನ್ನೊಂದು ಕಾಯಿದೆ. ಭಾನುವಾರ ಬೆಳಗ್ಗೆ, ಹೊಟ್ಟೆ ತುಂಬಿದ ಮೇಲೆ, ತಲೆ ತಿಳಿಯಾಗಿರುವಾಗ. ಆ ಭಾನುವಾರವೂ ಸ್ವೆಟರ್ ತೊಟ್ಟು ಕೋಣೆಯಲ್ಲಿ ಕೂತಳು. ಹೊರಗಿನ ಮೇಜಿನಲ್ಲಿ ಗಿರಾಕಿಗಳ ದೂರು ಕೇಳುವ ಮೀಸೆ ಇದ್ದ. ಮೀಸೆ ಎಂಬ ಹೆಸರು ಅವನಿಗೆ ಯಾಕೆ ಬಂತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅವನು ಬಾಗಿಲು ದಾಟುವಾಗ ಮೊದಲು ಅದು ಬರುತ್ತಿತ್ತು.

‘ನೋಡು, ಒಬ್ಬೊಬ್ರನ್ನೇ ಗುಂಪಿಗೆ ಸೇರಿಸ್ತಾ ಹೋದಾಗ ಮಾತುಕತೆ ಒಂದ್ಸಲ ಕಡಿದು ಮತ್ತೆ ಕೂಡುತ್ತೆ. ಬೋರ್ಡಲ್ಲಿ ಅವ್ರ ಹೆಸರು ಕೆಂಪು ಕಂಡ್ರೆ ಗಾಬರಿ ಬೀಳ್ಬೇಡ. ಫೋನ್ ಬಂದ್ರೆ ಮಾತ್ರ ಕರಿ,’ ಎಂದಳು.

‘ಆಗ್ಲಿ ಅಕ್ಕ. ಕೆಂಪು ಕಂಡ್ರೆ ನಾನು ಬನ್ ತಿಂತಾ ಕೂತಿರ್ತೀನಿ.’

ಹಳೇ ಸಾಹೇಬರು ಬರೆದದ್ದನ್ನು ಪರದೆಯ ಒಂದು ಕಡೆ ಇಟ್ಟುಕೊಂಡು, ಇನ್ನೊಂದು ಕಡೆ ಗುಂಪನ್ನು ಕಟ್ಟತೊಡಗಿದಳು. ಊರೊಳಗಿನ ಸಂಸ್ಥೆಗಳದು ಒಂದು ಗುಂಪು: ಬ್ಯಾಂಕು, ಆಸ್ಪತ್ರೆ, ಎರಡು ಕಾರ್ಖಾನೆ, ವಿಶ್ವವಿದ್ಯಾಲಯ, ಇತರೆ. ಎಲ್ಲರದೂ ಅದೇ ಕಟ್ಟಳೆ, ಅದೇ ನೂರು ವಿಳಾಸದ ಮಿತಿ. ವಿಶ್ವವಿದ್ಯಾಲಯದ ಹೆಸರಿನಡಿ ಮಾತ್ರ ನೂರಿನ ಬದಲು ಸಾವಿರ ಎಂದಿತ್ತು. ಕಾಯಿದೆ ಅಕ್ಕ ಮೂಗು ಮುರಿದಳು. ಹಳೇ ಸಾಹೇಬರ ಬೆರಳು ಕೀಲಿಯ ಮೇಲೆ ಒಂದು ಕ್ಷಣ ಹೆಚ್ಚಿಗೆ ಕೂತಿದೆ, ಇನ್ನೇನು? ಅವರ ಬರವಣಿಗೆಯಲ್ಲಿ ಇಂಥ ಎಡವಟ್ಟುಗಳನ್ನು ಅವಳು ಎಷ್ಟು ತಿದ್ದಿಲ್ಲ! ಆ ಒಂದು ಸೊನ್ನೆಯನ್ನು ಬಿಟ್ಟು, ವಿಶ್ವವಿದ್ಯಾಲಯವನ್ನೂ ಗುಂಪಿಗೆ ಸೇರಿಸಿದಳು. ವಕ್ರವಾಗಿ ನೇತಾಡುವ ಪಟವನ್ನು ನೆಟ್ಟಗೆ ಮಾಡಿದಾಗ ಆಗುವಂಥ ಸಮಾಧಾನ ಆಯಿತು.

ವಿಶ್ವವಿದ್ಯಾಲಯದ ಹೆಸರು ಕೆಂಪಾಯಿತು, ಮತ್ತೆ ಹಸಿರಾಯಿತು. ಹಸಿರು ಕಂಡದ್ದೇ ಅವಳು ಮುಂದಿನವರ ಕಡೆ ತಿರುಗಿದಳು. ಎಲ್ಲ ಮುಗಿಸಿ, ಕೈ ಉಜ್ಜಿಕೊಂಡು, ಹೊರಗೆ ಬಂದು ಮೀಸೆಯ ಪೊಟ್ಟಣದಿಂದ ಒಂದು ಬನ್ ಎತ್ತಿಕೊಂಡಳು. ಹಾಡಬೇಕು ಅನ್ನಿಸಿತು, ಕಾಯಿದೆ ಅಡ್ಡ ಬಂತು.

ಅಷ್ಟರಲ್ಲಿ ಫೋನು.

ಮೀಸೆಯ ಎರಡೂ ಕೈಗೆ ಬೆಣ್ಣೆ ಮೆತ್ತಿತ್ತು. ಹಾಗಾಗಿ ಮೊಣಕೈಯಿಂದ ಸ್ಪೀಕರ್ ಗುಂಡಿ ಒತ್ತಿದ. ‘ನಮಸ್ಕಾರ, ಹೇಳಿ.’

‘ಹಲೋ. ಇಂಟರ್ನೆಟ್ಟು ಬರ್ತಿಲ್ಲ,’ ಎಂದಿತು ಆ ಕಡೆಯ ದನಿ. ಮೂಗನ್ನು ಗಟ್ಟಿಯಾಗಿ ಹಿಡಿದುಕೊಂಡು ಮಾತಾಡಿದರೆ ಬರುವಂಥ ದನಿ.

‘ಎಲ್ಲಾ ಪೇಜೂ ನಿಂತಿದ್ಯಾ, ಯಾವುದಾದ್ರೂ ಒಂದಾ ಅಮ್ಮ?’ ಮೀಸೆ ಕೇಳಿದ. ದೂರು ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ ಅದೇ ಎಂದು ಕಾಯಿದೆ ಇತ್ತು.

‘ಉಳಿದದ್ದೆಲ್ಲಾ ಬರ್ತಿದೆ. ಒಂದೇ ಒಂದು ಬರ್ತಿಲ್ಲ.’

‘ಯಾವುದು ಅಂತ ಹೇಳ್ತೀರಾ?’

ಆ ಕಡೆ ಸ್ವಲ್ಪ ಗುಸುಗುಸು. ‘ಹೇಳ್ಲೇಬೇಕಾ?’

‘ಹೇಳದಿದ್ರೆ ಸರಿ ಮಾಡೋಕಾಗಲ್ಲ ಅಮ್ಮ.’

‘ವಿಶ್ವವಿದ್ಯಾಲಯದ್ದು. ಈಜುಕೊಳದ ಬುಕಿಂಗು. ಬೇಗ ಮಾಡಪ್ಪ, ಹನ್ನೆರಡೇ ಜಾಗ ಇರೋದು. ಎದುರು ಮನೆಯಾಕೆ ಬೇರೆ ಕಂಪನಿ ಇಂಟರ್ನೆಟ್ ಹಾಕ್ಸಿದ್ದಾಳೆ, ಅವಳಿಗೆ ಸಿಕ್ಕಿಬಿಡುತ್ತೆ!’ ಉದ್ವೇಗದಲ್ಲಿ ಮೂಗು ಬಿಟ್ಟುಹೋಗಿತ್ತು. ದನಿ ತನ್ನ ನಿಜರೂಪದಲ್ಲಿ ಕೋಣೆ ತುಂಬ ಮೊಳಗಿತು.

ಕಾಯಿದೆ ಅಕ್ಕನ ಬಾಯಲ್ಲಿದ್ದ ಬನ್ ಅಲ್ಲೇ ನಿಂತಿತು. ಅದನ್ನು ಹೇಗೋ ನುಂಗಿ, ‘ಅತ್ತೆ?’ ಎಂದಳು.

ಆ ಕಡೆ ಇನ್ನೊಂದು ಗುಸುಗುಸು. ಆಮೇಲೆ ಮತ್ತೆ ಮೂಗಿನ ದನಿ: ‘ರಾಂಗ್ ನಂಬರ್.’

‘ಅತ್ತೆ, ಫೋನ್ ಮಾಡಿರೋರು ನೀವು.’

ಮೀಸೆ ಮೇಜಿನ ಕೆಳಗೆ ಏನೋ ಬಿದ್ದವನಂತೆ ಬಗ್ಗಿದ. ಅವನ ಬೆನ್ನು ಕುಲುಕುತ್ತಿತ್ತು.

ಕಾಯಿದೆ ಅಕ್ಕ ಕೋಣೆಗೆ ಓಡಿ ಪರದೆ ನೋಡಿದಳು. ವಿಶ್ವವಿದ್ಯಾಲಯ ಕೆಂಪು. ಮಾತುಕತೆ ಕೂಡಿದ ಕೂಡಲೇ ಹಸಿರಾಗಿ, ಅವರ ಕಡೆಯ ವಿಳಾಸಗಳು ಒಂದೊಂದಾಗಿ ಒಳಬರತೊಡಗಿ, ನೂರು ದಾಟಿದ್ದೇ ತಡ ನಮ್ಮ ರೂಟರ್ ಬಾಗಿಲು ಹಾಕಿಕೊಂಡಿತ್ತು. ವಿಶ್ವವಿದ್ಯಾಲಯವೆಂದರೆ ಅದೊಂದೇ ಅಲ್ಲವಲ್ಲ. ಅದರ ಕೈಕೆಳಗಿನ ಕಾಲೇಜುಗಳು, ಗ್ರಂಥಾಲಯಗಳು, ಹಾಸ್ಟೆಲುಗಳು, ಎಲ್ಲದರ ವಿಳಾಸವೂ ಅದರ ಬಾಯಿಂದಲೇ ಬರಬೇಕು. ನೂರರಲ್ಲಿ ಎಲ್ಲಿ ಮುಗಿಯುತ್ತದೆ? ಆ ಸೊನ್ನೆ ಹಳೇ ಸಾಹೇಬರ ಎಡವಟ್ಟಾಗಿರಲಿಲ್ಲ. ಬೇಕೆಂದೇ ಇಟ್ಟದ್ದು. ಎಡವಟ್ಟು ಅವಳದೇ. ರಜೆಯಾದ್ದರಿಂದ ಅಲ್ಲಿ ಯಾರೂ ಇಲ್ಲ. ಹಾಗಾಗಿ ಅತ್ತೆಯ ಹೊರತು ಒಂದು ನರಪಿಳ್ಳೆಯೂ ದೂರು ಕೊಟ್ಟಿರಲಿಲ್ಲ.

ಆಗ ಅವಳ ತಲೆಯಲ್ಲಿ ಒಂದು ಯೋಚನೆ ಹಾದುಹೋಯಿತು. ಮುಚ್ಚಿಡುವುದೇಕೆ, ನಮ್ಮ ಕಾಯಿದೆ ಅಕ್ಕನೂ ಮನುಷ್ಯಳೇ. ಕೆಲಸ ಕೆಟ್ಟರೆ ತಕ್ಷಣ ಕೈ ಹಾಕಬಾರದು, ಕಾರಣ ಬರೆದು, ಯಜಮಾನರಿಗೆ ತಿಳಿಸಿ, ಆಮೇಲೆ ಮುಂದುವರಿಯಬೇಕು ಎಂದು ಅವಳೇ ಮಾಡಿದ ಕಾಯಿದೆ ಇತ್ತು. ಅದರಂತೆ ನಡೆದರೆ ಅರ್ಧ ಗಂಟೆ. ಅಷ್ಟರಲ್ಲಿ ಹನ್ನೆರಡು ಜಾಗವೂ ಖಾಲಿ. ಯಾರ ಮೇಲೂ ತಪ್ಪಿಲ್ಲ, ಮನೆಯಲ್ಲಿ ಜಗಳವಿಲ್ಲ, ಅತ್ತೆ ನೀರಿಗಿಳಿಯುವುದೂ ಇಲ್ಲ. ಎಷ್ಟು ಸಲೀಸು!

ಸ್ಪೀಕರಿನಲ್ಲಿ ಅತ್ತೆಯ ದನಿ ಹೊರಗಿನಿಂದ ಕೇಳಿಸಿತು. ಈಗ ಅದರಲ್ಲಿ ನಾಟಕವಿರಲಿಲ್ಲ. ‘ಬೈಬೇಡ ಕಣೇ. ನಿನ್ ಮಗಳದ್ದೇನೂ ತಪ್ಪಿಲ್ಲ, ನಾನೇ ಪೀಡಿಸಿ ಕೂರಿಸ್ಕೊಂಡೆ. ಬಟ್ಟೆನೂ ಹೊಲ್ದಿಟ್ಕೊಂಡಿದ್ದೆ.’

ದಿಂಬಿನ ಕವರು ಏನೆಂದು ಕಾಯಿದೆ ಅಕ್ಕನಿಗೆ ಆಗ ಹೊಳೆಯಿತು. ಬಾಗಿಲು ಮುಚ್ಚಿಕೊಂಡು, ವಾರವಿಡೀ, ಕಳ್ಳತನ ಮಾಡುವವರಂತೆ ಈಜುಡುಗೆ ಹೊಲಿದುಕೊಂಡ ಅತ್ತೆ. ಅವಳಿಗೆ ನಗು ಬಂತು, ನಗುವಿನ ಜೊತೆಗೇ ಕಣ್ಣು ತುಂಬಿತು. ತನ್ನ ಮನೆಯಲ್ಲಿ ಇಂಥವರಿಗೆ ಇಷ್ಟು ಅಂಜಿಕೆ ಹುಟ್ಟಿಸಿದ್ದೇನಲ್ಲ ಎಂದು ತನ್ನ ಮೇಲೇ ಸಿಟ್ಟೂ ಬಂತು.

ಗುಂಪನ್ನು ಮುರಿಯಬೇಕಾಗಿರಲಿಲ್ಲ. ಕಟ್ಟಳೆ ಗುಂಪಿಗೆ ಇದ್ದಂತೆಯೇ ಇರಲಿ. ಯಾರಿಗೆ ಬೇರೆ ಬೇಕೋ ಅವರ ಹೆಸರಿನಡಿ ಒಂದು ಸಾಲು ಬರೆದರೆ ಆಯಿತು, ಅವರ ಮಟ್ಟಿಗೆ ಅದೇ ನಡೆಯುತ್ತದೆ. ಅವಳು ವಿಶ್ವವಿದ್ಯಾಲಯದ ಹೆಸರಿನಡಿ ಬರೆದಳು: ಮಿತಿ ಸಾವಿರ. ಮುಚ್ಚಿದ ಬಾಗಿಲನ್ನು ತೆರೆದಳು. ಕೆಂಪು ಹಸಿರಾಯಿತು. ಈ ಸಲ ಅವಳು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ವಿಳಾಸಗಳು ಬಂದವು, ನೂರು ದಾಟಿದವು, ಇನ್ನೂರು ದಾಟಿದವು. ಹಸಿರು ಹಸಿರಾಗೇ ಉಳಿಯಿತು.

‘ಈಗ ನೋಡಿ ಅತ್ತೆ!’

‘ಬಂತು! ಬಂತು! ನೀಲಿ ನೀಲಿಯಾಗಿ ಕೊಳದ ಚಿತ್ರ ಬಂತು!’ ಹಿಂದೆ ಮಗಳು ಕಿರುಚುವುದು ಕೇಳಿಸಿತು. ‘ಅಜ್ಜಿ, ಎರಡೇ ಉಳಿದಿದೆ, ಒತ್ತು, ಒತ್ತು!’ ಆಮೇಲೆ ಅತ್ತೆಯ ದನಿ ಇದ್ದಕ್ಕಿದ್ದಂತೆ ಸಣ್ಣಗಾಯಿತು. ‘ಇದು ಏನೋ ಕೇಳ್ತಿದೆ. ದಿನಾ ಜೊತೆಗೆ ಬಂದು ದಡದಲ್ಲಿ ಕೂರೋ ಮನೆಯೋರ ಹೆಸರು ಬೇಕಂತೆ. ಮಗೂಗೆ ರಜೇಲೂ ಬೆಳಗ್ಗೆ ಟ್ಯೂಷನ್ನು, ನಿನ್ ಗಂಡ ಬೆಳಗಾಗೋ ಮುಂಚೆ ಕೆಲಸಕ್ಕೆ ಹೋಗಿರ್ತಾನೆ. ನಿಮ್ಮ ಮಾವ ಅಂತೂ ಏಳಲ್ಲ. ಏನ್ ಬರೀಲಿ?’

‘ನನ್ನ ಹೆಸರು ಬರೀರಿ.’

‘ಹಾಂ?’

‘ನನ್ ಹೆಸರು ಬರೀರಿ ಅತ್ತೆ, ಬೇಗ! ಎದುರು ಮನೆಯಾಕೆ ಬಂದುಬಿಡ್ತಾಳೆ!’

ಮೀಸೆ ಎದ್ದುನಿಂತು ಬೆಣ್ಣೆಗೈಯಲ್ಲೇ ಚಪ್ಪಾಳೆ ತಟ್ಟಿದ. ಮರುದಿನ ಯಜಮಾನರ ಮುಂದೆ ಕಾಯಿದೆ ಅಕ್ಕ ತಾನು ಸೊನ್ನೆ ತಿಂದ ಸಂಗತಿಯನ್ನು ಇದ್ದದ್ದು ಇದ್ದಂತೆ ಹೇಳಿದಳು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ಅತ್ತೆಯವರನ್ನು ದೂರು ವಿಭಾಗಕ್ಕೆ ಸೇರಿಸಿಕೊಳ್ಳೋಣವಾ ಎಂದರು.

ತರಗತಿಯ ಮೊದಲ ಬೆಳಗ್ಗೆ ಕಾಯಿದೆ ಅಕ್ಕ ಕೊಳದ ದಡದ ಬೆಂಚಿನಲ್ಲಿ, ತೊಡೆಯ ಮೇಲೆ ಎರಡು ಟವೆಲ್ ಇಟ್ಟುಕೊಂಡು, ಆಫೀಸಿನ ಸ್ವೆಟರ್ ತೊಟ್ಟೇ ಕೂತಿದ್ದಳು. ಅವಳಿಗೆ ಈಜು ಬಾರದು. ಕ್ಲೋರಿನ್ ವಾಸನೆ ಬಡಿದದ್ದೇ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಹನ್ನೆರಡು ಹೆಂಗಸರು ಸಾಲಾಗಿ ಬಂದರು. ಅವರಲ್ಲಿ ಎದುರು ಮನೆಯಾಕೆಯೂ ಇದ್ದರು, ಅವರಿಗೂ ಜಾಗ ಸಿಕ್ಕಿತ್ತು. ಕಡುನೀಲಿ ಬಟ್ಟೆ, ಬಿಳಿ ಅಂಚು, ಮೊಣಕಾಲಿನ ತನಕ ಅಚ್ಚುಕಟ್ಟಾದ ಹೊಲಿಗೆ: ಅತ್ತೆ ತನಗೆ ತಾನೇ ಸಮವಸ್ತ್ರ ಹೊಲಿದುಕೊಂಡು ಶಾಲೆಗೆ ಹೊರಟಂತಿತ್ತು.

ತರಬೇತುದಾರ ತಾಳ್ಮೆಯ ಮನುಷ್ಯ. ‘ಇವತ್ತು ಎಲ್ಲಾರೂ ಈ ಕಂಬಿ ಹಿಡ್ಕೊಂಡು ಕಾಲು ಬಡೀಬೇಕು ಅಷ್ಟೇ. ಯಾರೂ ಕೈ ಬಿಡಬಾರ್ದು. ಎಲ್ಲಾರ್ಗೂ ಒಂದೇ,’ ಎಂದ.

ಹನ್ನೆರಡು ಜನ ಕಂಬಿ ಹಿಡಿದು ಕಾಲು ಬಡಿದರು. ನೀರು ಬೆಂಚಿನ ತನಕ ಹಾರಿತು. ಅತ್ತೆ ಬಡಿಯುತ್ತಿದ್ದ ರೀತಿ ಮಾತ್ರ ಬೇರೆ ಇತ್ತು. ಸದ್ದಿಲ್ಲ, ಚಿಮ್ಮಿದ ನೀರಿಲ್ಲ, ಸೊಂಟದಿಂದ ನೇರ, ನಿಧಾನ. ತರಬೇತುದಾರ ಹತ್ತಿರ ಬಂದು ಬಗ್ಗಿ ನೋಡಿದ. ‘ಅಮ್ಮ, ನಿಮಗೆ ಮೊದ್ಲೇ ಈಜು ಬರುತ್ತಾ?’

‘ಬರುತ್ತಲ್ಲಪ್ಪ,’ ಎಂದರು ಅತ್ತೆ. ‘ಹುಡುಗಿಯಾಗಿದ್ದಾಗ ದಿನಾ ಹೊಳೆ ದಾಟಿ ಶಾಲೆಗೆ ಹೋಗ್ತಿದ್ದೆ. ಪುಸ್ತಕ ತಲೆ ಮೇಲೆ ಕಟ್ಕೊಂಡು.’

ಕಾಯಿದೆ ಅಕ್ಕ ಬೆಂಚಿನಿಂದ ಎದ್ದುನಿಂತಳು. ಟವೆಲ್ಲುಗಳು ಒದ್ದೆ ನೆಲಕ್ಕೆ ಬಿದ್ದವು. ‘ಅತ್ತೆ! ಇಷ್ಟು ವರ್ಷದಲ್ಲಿ ಒಂದ್ ಸಲಾನೂ ಹೇಳ್ಲಿಲ್ಲ!’

‘ನೀವ್ಯಾರೂ ಕೇಳ್ಲೇ ಇಲ್ವಲ್ಲೇ!’

ತರಬೇತುದಾರ ದಡದ ಕಡೆ ನೋಡಿದ. ಮನೆಯವರು ಒಪ್ಪಬೇಕು ಎಂಬ ನೋಟ ಅದು. ಅತ್ತೆಯೂ ನೋಡಿದರು, ಒಂದು ಕೈಯಲ್ಲಿ ಕಂಬಿ ಹಿಡಿದೇ, ಅಪ್ಪಣೆ ಕೇಳುವ ಶಾಲೆಯ ಹುಡುಗಿಯಂತೆ. ಕಾಯಿದೆ ಅಕ್ಕ ದಡದ ಅಂಚಿಗೆ ಬಂದಳು.

‘ಸರ್, ಉಳಿದೋರು ಕಂಬಿ ಹಿಡ್ಕೊಂಡೇ ಇರ್ಲಿ,’ ಎಂದಳು. ‘ನಮ್ಮತ್ತೇನ ಮಾತ್ರ ಬಿಡಿ.’

ಅತ್ತೆ ಕಂಬಿ ಬಿಟ್ಟರು. ತರಬೇತುದಾರ ಪಕ್ಕದಲ್ಲೇ ದಡದ ಮೇಲೆ ನಡೆಯುತ್ತಾ ಬಂದ. ಬಿಳಿ ಅಂಚಿನ ಕಡುನೀಲಿ ಬಟ್ಟೆ ಕೊಳದ ನಡುವೆ ನೆಟ್ಟಗೆ ಹೋಯಿತು, ತಲೆ ನೀರಿನಿಂದ ಮೇಲೆ, ಅದರ ಮೇಲೆ ಈಗಲೂ ಪುಸ್ತಕಗಳಿವೆಯೋ ಎಂಬಂತೆ. ಆಚೆ ದಡ ಮುಟ್ಟಿ ತಿರುಗಿ ಕೈ ಎತ್ತಿದಾಗ, ಹನ್ನೊಂದು ಹೆಂಗಸರೂ ಕಂಬಿ ಬಿಟ್ಟು ಚಪ್ಪಾಳೆ ತಟ್ಟಿದರು. ತರಬೇತುದಾರ ‘ಹಿಡ್ಕೊಳ್ಳಿ, ಹಿಡ್ಕೊಳ್ಳಿ!’ ಎಂದು ಕೂಗಿದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದದ್ದು ಕಾಯಿದೆ ಅಕ್ಕ. ಅವಳ ಸ್ವೆಟರ್ ತೊಟ್ಟಿಕ್ಕುತ್ತಿತ್ತು, ಮುಖವೂ.

‘ಇನ್ನೊಂದ್ಸಲ ಹೋಗ್ಲೇನೇ?’ ಎಂದು ಅತ್ತೆ ಆಚೆ ದಡದಿಂದ ಕೂಗಿದರು.

‘ಹೋಗಿ ಅತ್ತೆ,’ ಎಂದು ಇವಳು ಈಚೆಯಿಂದ ಕೂಗಿದಳು. ‘ಸಾಕು ಅನ್ನಿಸೋ ತನಕ ಹೋಗಿ!’